ಸಂತಿಯಾಗೊ ಕೇರಿಯಲ್ಲಿ ತ್ರಿನಿಯ ಹಾಡು

ವೇದಿಕೆಯ ಮೇಲೆ ಕುರ್ಚಿ ತುಂಬಿ ಕುಳಿತಿರುವ ನಮ್ಮ ಫ್ಲಮೆಂಕೊ ಸಂಘದ ಅಧ್ಯಕ್ಷರಾದ ದೋನ್ ಕ್ರಿಸ್ಪುಲೊ ಅವರೇ, ಸೆವಿಯ್ಯಾದಿಂದ ದಯಮಾಡಿಸಿರುವ ಅತಿಥಿಗಳೇ, ನನ್ನ ಅಂಗಡಿಯ ಮೀನು ತಿಂದು ಬೆಳೆದ ಹೆರೆಸ್ ಊರಿನ ಸಭಿಕರೇ,

ಮೂರು ಮಾತಾಡಿ ಇಳಿಯಿರಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಮೀನು ಮಾರುವವಳ ಬಾಯಿ ಮೂರು ಮಾತಿಗೆ ಮುಚ್ಚುವುದುಂಟೇ? ಇಂದಿನ ಸನ್ಮಾನ ನನ್ನ ಅಕ್ಕನ ಮಗಳು ತ್ರಿನಿಗೆ. ತಾಯಿಯಿಲ್ಲದ ಆ ಕೂಸನ್ನು ಸಾಕಿದವಳು ನಾನು. ನಾನು ಮಾತಾಡದೆ ಇನ್ಯಾರು ಮಾತಾಡಬೇಕು?

ಅವಳು ರ್ಯಾಪ್ ಹಾಡುತ್ತಾಳೆ. ಗಿಟಾರು, ಚಪ್ಪಾಳೆಯ ತಾಳ ನಮ್ಮ ಹಳೆಯ ಫ್ಲಮೆಂಕೊ ಹಾಡಿನದು. ಪಟಪಟ ಮಾತು ಈ ಕಾಲದ್ದು. ಹೋದ ವರ್ಷ ಇದೇ ವೇದಿಕೆಯಲ್ಲಿ ಹಾಡಲು ಅವಳು ಅವಕಾಶ ಕೇಳಿದಾಗ ಅಧ್ಯಕ್ಷರು ಏನೆಂದರು? "ನೋಡಮ್ಮ, ಇದು ಹಾಡಲ್ಲ, ಜಗಳ. ಇಲ್ಲೇನಿದ್ರೂ ಹಿರಿಯರ ಹಾಡಷ್ಟೇ." ಮಗು ಮನೆಗೆ ಬಂದು ಪೆಟ್ಟಿಗೆ ಕಟ್ಟಿತು. "ಚಿಕ್ಕಮ್ಮ, ಕ್ರಿಸ್ಮಸ್ ಮುಗೀಲಿ, ಮ್ಯಾಡ್ರಿಡ್‌ಗೆ ಹೋಗ್ತೀನಿ. ನಮ್ಮೋರಿಗೇ ಬೇಡ ಅಂದ್ಮೇಲೆ ನಂಗ್ಯಾಕೆ ಈ ತಾಳ? ಬಿಟ್ಬಿಡ್ತೀನಿ." ಹಾಡು ಬಿಡುವುದೆಂದರೇನು ಎಂದು ನನಗೆ ಗೊತ್ತು. ಏಕೆಂದರೆ ಒಂದು ಕಾಲಕ್ಕೆ ನಾನೂ ಹಾಡುತ್ತಿದ್ದೆ. ಹತ್ತು ಜನರೆದುರು ಹಾಡುವ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ನಮ್ಮಪ್ಪ ನಿಲ್ಲಿಸಿದರು. ಗಂಡ ಸಿಕ್ಕಿದ, ಹಾಡು ಹೋಯಿತು. ನಷ್ಟ ಎಷ್ಟೆಂದು ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ನಮ್ಮ ಯಜಮಾನರನ್ನು ನೋಡಿದರೆ ತಿಳಿಯುತ್ತದೆ. ಇರಲಿ, ಆ ಮಾತು ಇಲ್ಲಿ ಬೇಡ.

ಆ ಕ್ರಿಸ್ಮಸ್‌ಗೆ ಮುಂಚಿನ ಭಾನುವಾರ ಮಧ್ಯಾಹ್ನ ಸಂತಿಯಾಗೊ ಕೇರಿಯ ನಮ್ಮ ವಠಾರದ ಅಂಗಳದಲ್ಲಿ ಬೆಂಕಿ ಹಾಕಿ, ಚರ್ಮ ಬಿಗಿದ ಸಂಬೊಂಬ ಗಡಿಗೆಯನ್ನು ಗುರುಗುಟ್ಟಿಸುತ್ತ, ಎಲ್ಲರೂ ಸುತ್ತ ನಿಂತು ಹಾಡುತ್ತಿದ್ದೆವು. ಅಲ್ಲಿ ಯಾವ ಹಾಡು ಯಾರದೆಂದು ಯಾರೂ ಕೇಳುವುದಿಲ್ಲ. ಒಬ್ಬರು ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಪಕ್ಕದ ಮನೆಯ ಹೆನೊವೇವಜ್ಜಿ ಎತ್ತಿದರು: "ಬುಟ್ಟಿ ಬರಿದಾದರೇನು, ನನ್ನ ಕೈಯಲ್ಲಿನ್ನೂ ಕಡಲ ವಾಸನೆ..." ಅದು ನಮ್ಮ ತ್ರಿನಿಯ ರ್ಯಾಪ್. ಅಜ್ಜಿ ಮೊಮ್ಮಕ್ಕಳ ಮೊಬೈಲಿನಿಂದ ಕಲಿತು, ತಮ್ಮ ಉಸಿರಿಗೆ ಒಗ್ಗುವಂತೆ ನಿಧಾನ ಮಾಡಿಕೊಂಡಿದ್ದರು. ಅಂಗಳಕ್ಕೆ ಅಂಗಳವೇ ಹಿಡಿಯಿತು. ಅಲ್ಲಿಗೆ ಬಂದಿದ್ದ ದೋನ್ ಕ್ರಿಸ್ಪುಲೊ ಕಣ್ಣು ಮುಚ್ಚಿ ತಲೆದೂಗುತ್ತ ಹಾಡಿದರು. ತ್ರಿನಿ ತನ್ನ ಎಂದಿನ ವೇಗದಲ್ಲಿ ಸೇರಿಕೊಂಡಳು. ಅಧ್ಯಕ್ಷರಿಗೆ ರೇಗಿತು. "ಏ ಹುಡುಗಿ, ಓಡಬೇಡ. ನಮ್ಮಜ್ಜಿ ಹಾಡ್ತಿದ್ದ ಹಾಡಿದು. ಬರದಿದ್ರೆ ಬಾಯ್ ಮುಚ್ಕೊಂಡು ಕೇಳು."

ನಾನು ಸೊಂಟದ ಮೇಲೆ ಕೈಯಿಟ್ಟು ಮುಂದೆ ನುಗ್ಗಿದೆ. ತ್ರಿನಿ ನನ್ನ ಶಾಲು ಹಿಡಿದೆಳೆದಳು. ಅವಳ ಕಣ್ಣಲ್ಲಿ ನೀರು, ಮುಖದ ತುಂಬ ನಗು. "ಸುಮ್ನಿರು ಚಿಕ್ಕಮ್ಮ. ನನ್ ಹಾಡು ಅವರಜ್ಜಿದಾಯ್ತು. ಇನ್ನೇನ್ ಬೇಕು?" ಅಂದೇ ಪೆಟ್ಟಿಗೆ ಬಿಚ್ಚಿದಳು. ಈ ವರ್ಷ ಅದೇ ತಾಳದಲ್ಲಿ ಹಾಡಿ ಊರೂರು ಗೆದ್ದು ಬಂದಳು.

ಇಂದಿನ ಸನ್ಮಾನಕ್ಕೂ ಅಧ್ಯಕ್ಷರದೊಂದು ಷರತ್ತಿದೆಯಂತೆ. ಅವಳು ಏನು ಬೇಕಾದರೂ ಹಾಡಿಕೊಳ್ಳಲಿ, ಕೊನೆಗೆ ತಮ್ಮಜ್ಜಿಯ ಆ ಹಾಡನ್ನು ಹಾಡಲೇಬೇಕಂತೆ. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಇನ್ನಾಗದು. ದೋನ್ ಕ್ರಿಸ್ಪುಲೊ ಅವರೇ, ಏಳಬೇಡಿ, ಕುಳಿತುಕೊಳ್ಳಿ. ಆ ಹಾಡನ್ನು ನನ್ನ ಅಂಗಡಿಯ ಹಿಂದೆ ಕುಳಿತು, ಮಂಜುಗಡ್ಡೆಯ ಡಬ್ಬ ಬಡಿಯುತ್ತ ಕಟ್ಟಿದವಳು ಈ ತ್ರಿನಿಯೇ. ಹಿರಿಯರ ಹಾಡಷ್ಟೇ ಸಲ್ಲುವ ಈ ವೇದಿಕೆಗೆ ನೀವೇ ಅವಳ ಕೈಹಿಡಿದು ಕರೆತಂದಿದ್ದೀರಿ. ಅದಕ್ಕಾಗಿ ನಿಮಗೂ, ಈ ಹಾಡನ್ನು ಜನ್ಮದಲ್ಲಿ ಕೇಳದ ನಿಮ್ಮ ಅಜ್ಜಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.