ಬೈರಣ್ಣ ಕುಡೀತಿರ್ಲಿಲ್ಲ

ಏಳ್ಬೇಡಿ ಜಯಕುಮಾರಣ್ಣ. ಎಲೆ ಮುಂದೆ ಕೂತೋರು ಉಣ್ದೆ ಎದ್ದೋಗ್ಬಾರ್ದು. ಏನು, ಇನ್ನೂ ಬಡಿಸಿಲ್ಲ ಅಂತಾನಾ? ಬಡಿಸಲ್ಲ. ಮುದ್ದೆ, ಅವರೆಕಾಳು ಸಾರು ಎಲ್ಲಾ ಆಗಿದೆ. ನಮ್ಮೆಜಮಾನ್ರಿಗೆ ಎಡೆನೂ ಇಟ್ಟಾಯ್ತು. ಆದ್ರೆ ಈ ಮೂವತ್ತು ಜನರ ಎಲೆಗೆ ಸಾರು ಬೀಳ್ಬೇಕಾದ್ರೆ ನಿಮ್ಮ ಬಾಯಿಂದ ಒಂದು ಮಾತು ಬರ್ಬೇಕು. "ಬೈರಣ್ಣ ಕುಡೀತಿರ್ಲಿಲ್ಲ" ಅನ್ನಿ. ಅಷ್ಟೇ.

ಬಾಗ್ಲು ಯಾಕೆ ನೋಡ್ತೀರ? ಅದಕ್ಕೇ ನಿಮ್ಮನ್ನ ಗೋಡೆ ಕಡೆ ಕೂರಿಸಿದ್ದು. ವರ್ಷದ ತಿಥಿಗೆ ನಾನೇ ನಿಮ್ಮನೆಗೆ ಬಂದು ಕರ್ದಾಗ ಅನಿಸ್ಲಿಲ್ವಾ, ಇಷ್ಟು ದಿನ ಮುಖ ಕೊಟ್ಟು ಮಾತಾಡ್ದೇ ಇದ್ದೋಳು ಇವತ್ಯಾಕೆ ಬಂದ್ಲು ಅಂತ?

ಹದಿನೆಂಟು ವರ್ಷ ನಮ್ಮೆಜಮಾನ್ರು ನಿಮ್ಮ ಮಗ್ಗದ ಶೆಡ್ಡಲ್ಲಿ ಸೀರೆ ನೇಯ್ದ್ರು. ಹನ್ನೆರಡು ಮಗ್ಗ ಒಟ್ಟಿಗೆ ಬಡೀತಿದ್ರೂ ಯಾವುದರ ಸದ್ದು ಕೆಟ್ಟಿದೆ ಅಂತ ಹೊರಗೆ ಟೀ ಕುಡೀತಾನೇ ಹೇಳೋರು. ನಾನು ತ್ಯಾಮಗೊಂಡ್ಲು ಕಡೆಯೋಳು, ನೂಲಿಗೆ ಗಂಟು ಹಾಕೋಕೂ ಬರ್ತಿರ್ಲಿಲ್ಲ. ಪಕ್ಕದಲ್ಲಿ ನಿಂತು ಕಲಿಸಿದ್ರು. ಎಷ್ಟು ಸಲ ಎಳೆ ಕಿತ್ತಿದೀನೋ... ಒಂದು ಸಲ ಬೈದಿಲ್ಲ. "ಎಳೆ ತಾನೇ, ಕಟ್ಟಿದ್ರಾಯ್ತು ಬಿಡು" ಅನ್ನೋರು.

ಅವರಪ್ಪ ಕುಡಿದು ಕುಡಿದೇ ಸತ್ತಿದ್ದು. ಕುಡಿಯಲ್ಲ ಅಂತ ಹೆಣದ ಮುಂದೆ ಅಮ್ಮಂಗೆ ಮಾತು ಕೊಟ್ಟೋರು ಇವರು. ನಮ್ಮ ಮದ್ವೇಲೇ ಸ್ನೇಹಿತರು ಲೋಟ ಹಿಡಿಸಿದ್ದಕ್ಕೆ ಎದ್ದು ಬಂದ್ಬಿಟ್ರು. ಅಂಥೋರನ್ನ ಕುಡುಕ ಅಂದ್ರಿ ನೀವು. ಮೈ ಇನ್ನೂ ಬೆಚ್ಚಗಿತ್ತು. "ಕುಡಿದು ಬಂದು ಮೋಟರ್ ವೈರಿಗೆ ಕೈ ಹಾಕಿ ಸತ್ತ" ಅಂತ ದೊಡ್ಡಬಳ್ಳಾಪುರಕ್ಕೆಲ್ಲಾ ಹೇಳಿದ್ರಿ.

ಕಣ್ಣೊರೆಸ್ಕೋಬೇಡಿ. ಆವತಿಯಿಂದ ಗಂಡಿನ ಕಡೆಯೋರು ನನ್ನ ಮಗಳು ಹರ್ಷಿತನ್ನ ನೋಡೋಕೆ ಬಂದಿದ್ರು. ಒಪ್ಪಿಗೆನೂ ಆಗಿತ್ತು. ಬೀದಿ ಕೊನೇಲಿ ವಿಚಾರಿಸ್ಕೊಂಡು, ಕುಡುಕನ ಮಗಳು ಬೇಡ ಅಂತ ಹೇಳಿ ಕಳಿಸಿದ್ರು. ಅವತ್ತು ಅವಳು ಸೀರೆ ಕೂಡ ಬದಲಾಯಿಸ್ದೇ ಅಪ್ಪನ ಫೋಟೋ ಮುಂದೆ ಕೂತಿದ್ಲು. ಆಗಲೇ ಅಂದ್ಕೊಂಡೆ, ಇದೇ ಫೋಟೋ ಮುಂದೆ ನಿಮ್ಮನ್ನ ಕೂರಿಸಿ, ಎಲ್ಲರೆದುರು ನಿಮ್ಮ ತಲೆ ತಗ್ಗಿಸ್ತೀನಿ ಅಂತ.

ಹೇಳಿ. ಮೈನ್ ಸ್ವಿಚ್ಚು ಇಳಿಸ್ದೇ ಅವರು ಯಾವತ್ತಾದ್ರೂ ವೈರ್ ಮುಟ್ಟಿದ್ದುಂಟಾ? ಅವತ್ತೂ ಇಳಿಸಿದ್ರು. ನಿಮಗೆ ಗೊತ್ತು. ಶೆಡ್ಡಿನ ಬಾಗಿಲಲ್ಲೇ ಇದ್ರಿ ನೀವು.

ಏನು ಹರ್ಷಿತಾ? ಇಳಿಸಿದ್ರೆ... ಮತ್ತೆ ಕರೆಂಟ್ ಹೆಂಗೆ ಬಂತು ಅಂತಾನಾ? ಅವರನ್ನ ಕೇಳು. ಅವರೇ ಹೇಳ್ಲಿ.

ಹೇಳಿ ಜಯಕುಮಾರಣ್ಣ. ಮಗಳು ಕೇಳ್ತಿದಾಳೆ.

ಯಾಕೆ ಎಲೆನೇ ನೋಡ್ತೀರ? ಇಷ್ಟು ಅಂದೆ, ಒಂದು ಮಾತು ತಿರುಗಿ ಅನ್ನಬಾರ್ದಾ? ಇಲ್ಲ ಅನ್ನಿ, ನಾನಲ್ಲ ಅನ್ನಿ... ನನ್ನ ಕಡೆ ನೋಡಿ ಒಂದು ಸಲ. ಊರೆದುರು ಇಷ್ಟು ಮಾನ ಕಳೀತಿದ್ರೂ ಹೇಳಲ್ವಾ?

ಹೇಳಲ್ಲ. ಗೊತ್ತಾಯ್ತು. ಒಂದು ವರ್ಷ ಬಾಯಿ ಬಿಡದೋರು ಈಗ ಬಿಡ್ತೀರಾ...

ಹರ್ಷಿತಾ, ಇಲ್ಲಿ ಬಾ. ಕೈ ಕೊಡು. ಅವತ್ತು ಭಾನುವಾರ, ಶೆಡ್ಡಲ್ಲಿ ಬೇರೆ ಕೆಲಸದೋರು ಯಾರೂ ಇರ್ಲಿಲ್ಲ. ನಾನು ತಿಂಡಿ ತಗೊಂಡು ಹೋದೆ. ಮಗ್ಗ ನಿಂತಿತ್ತು. ನಿಮ್ಮಪ್ಪ ಅದರ ಹಿಂದೆ ಬಗ್ಗಿ ಮೋಟರ್ ಬಿಚ್ತಿದ್ರು, ನನಗೆ ಕಾಣಿಸ್ಲಿಲ್ಲ. ಯಾರದೋ ಮದ್ವೆ ಸೀರೆ ಸಂಜೆ ಒಳಗೆ ಕೊಡ್ಬೇಕಿತ್ತು. ಕೈ ತೊಳೆಯೋಕೆ ಹೋಗಿದಾರೆ, ಬರೋದ್ರೊಳಗೆ ನಾನೇ ಶುರು ಮಾಡೋಣ ಅಂದ್ಕೊಂಡು... ಮೈನ್ ಹಾಕಿದ್ದು ನಾನು. ಜಯಕುಮಾರಣ್ಣ ಬಾಗಿಲಿಂದ ನೋಡಿದ್ರು. ಪೊಲೀಸ್ ಬರೋ ಮುಂಚೆ ನನ್ನನ್ನ ಮನೆಗೆ ಕಳಿಸಿ, ನನ್ನ ಹೆಸರು ಬರ್ಬಾರ್ದು ಅಂತ ಆ ಸುಳ್ಳು ಹೇಳಿದ್ರು. ನಾನು ಬಾಯ್ಮುಚ್ಕೊಂಡಿದ್ದೆ. ಆಮೇಲೆ ಇವರನ್ನೇ ಶಪಿಸ್ತಾ ಬಂದೆ. ಯಾರನ್ನಾದ್ರೂ ಶಪಿಸ್ದೇ ಇರೋಕೆ ಆಗ್ತಿರ್ಲಿಲ್ಲ ಕಣೇ.

ನಿಮ್ಮಪ್ಪ ಕುಡಿದಿರ್ಲಿಲ್ಲ ಮಗಳೇ.

ಯಾಕೆ... ಕೈ ಯಾಕೆ ಬಿಡಿಸ್ಕೊಂಡೆ?