ಮಜ್ಜಿಗಿ ನೀರಿನ ಲೆಕ್ಕಕ್ಕ ಬರತೈತಿ

ಬ್ಯಾಡ ಅಣ್ಣಾ, ಬ್ಯಾಡ. ಅತ್ತಿಗಿಗೆ ಹೇಳು, ಮಜ್ಜಿಗಿ ತರೂದು ಬ್ಯಾಡ ಅಂತ. ಚಾನೂ ಬ್ಯಾಡ, ಅಂಬಲೀನೂ ಬ್ಯಾಡ... ಇಲ್ಲ, ಸಿಟ್ಟೇನಿಲ್ಲ. ಸಿಟ್ಟ ಬಂದಿದ್ರ ನಿನ್ನ ಕಟ್ಟಿ ಮ್ಯಾಲ ಬಂದು ಕುಂಡ್ರತಿದ್ನೇನು? ಮುಧೋಳಕ್ಕ ಹೋಗಿದ್ದೆ. ಎಸ್ಟಿ ಬಸ್ ಇಳದು, ಬೀರದೇವ್ರ ಗುಡಿಗಿ ಹೋಗಿ, ಅಲ್ಲಿಂದ ಸೀದಾ ಇಲ್ಲಿಗೇ ಬಂದೇನಿ. ಇನ್ನ ನಮ್ಮ ಮನಿ ಬಾಗಲಾ ಸೈತ ನೋಡಿಲ್ಲ. ಬಾಯಿ ಒಣಗೇತಿ, ಖರೆ. ಒಣಗಲಿ. ನಿನ್ನ ಮನ್ಯಾಗ ಇನ್ನ ನಾ ಏನೂ ಕುಡಿಯಂಗಿಲ್ಲ.

ಯಾಕ ನಗತಿ? ನೀ ನಕ್ಕರ ನಾ ಹೇಳಂಗಿಲ್ಲ ನೋಡು... ಹೂಂ. ಹಂಗ ಸುಮ್ನ ಕುಂತ ಕೇಳು.

ನನಗ ಉಚ್ಚಿ ಉರಿ ಆಗಿತ್ತಲ್ಲ, ನಡಾ ಹಿಡಕೊಂಡು ಒದ್ದಾಡತಿದ್ನೆಲ್ಲ, ಅದನ್ನ ತೋರಸಾಕ ಹೋಗಿದ್ದೆ. ಡಾಕ್ಟರ ಹೊಟ್ಟಿ ಒತ್ತಿದ, ಬೆನ್ನ ಬಡದ ನೋಡಿದ, ಹರಳ ಆಗ್ಯಾವ ಅಂದ. ಆಮ್ಯಾಲ, ದಿನಾ ಏನ ಕುಡಿತೀ ಪಾಂಡಪ್ಪಾ ಅಂತ ಕೇಳಿದ. ಈ ಮುಂಬೈ ಸರಕಾರ ಬಂದ ಮ್ಯಾಲ ದಾರೂಬಂದಿ ನೋಡು, ಇವ ಎಲ್ಲೋ ಪೊಲೀಸರ ಕಡಿ ಮನಷ್ಯಾ ಇರಬೇಕು ಅಂತ ತಿಳದೆ. ಸಾಹೇಬ್ರ, ನಾವು ಬೀರದೇವ್ರ ಒಕ್ಕಲ, ಅಂಥಾದ್ದೇನೂ ಮುಟ್ಟಂಗಿಲ್ರಿ ಅಂತ ಕೈ ಮುಗದೆ. ಅವ ಹಣಿ ಬಡಕೊಂಡ. ನೀರ ಎಷ್ಟ ಕುಡಿತೀ ಅಂತ ಕೇಳಾಕತ್ತೇನಿ ಅಂದ.

ಆತು, ನಕ್ಕಬಿಡು. ಅತ್ತಿಗೀನೂ ನಗಲಿ. ಬಾಗಲ ಹಿಂದ ನಿಂತ ನಗೂದ್ಯಾಕ, ಹೊರಗ ಬಂದು ನಗು ಅಂತ ಹೇಳು.

ಖರೇನ ಹೇಳಿದೆ. ನೀರು ಎರಡ ತಂಬಗಿ ಅಂದೆ. ಕುರಿ ಬೆನ್ನ ಹತ್ತಿ ತಿರಗೂ ಮನಷ್ಯಾಗ ಅಷ್ಟ ಸಿಕ್ಕರ ಪುಣ್ಯಾ. ಉಳಿದದ್ದೆಲ್ಲಾ ಹೇಳಿದೆ. ಮುಂಜಾನೆ ಅಂಬಲಿ, ಪ್ಯಾಟಿಗಿ ಬಂದ್ರ ಒಂದ ಬಶಿ ಚಾ, ಗಾಣದ ಕಡಿ ಹಾದರ ಕಬ್ಬಿನ ಹಾಲು, ವಾರಕ್ಕ ಎರಡ ಸಲ ನಮ್ಮ ಜಕ್ಕಪ್ಪಣ್ಣನ, ಅಂದ್ರ ನಿನ್ನ, ಮನಿ ಮಜ್ಜಿಗಿ. ಡಾಕ್ಟರ ಏನಂದ ಗೊತ್ತೇನು? ಅವೆಲ್ಲಾ ನೀರಿನ ಲೆಕ್ಕಕ್ಕ ಬರತಾವ ಅಂದ. ಅಂಬಲೀನೂ ಬರತೈತಿ, ಚಾನೂ ಬರತೈತಿ, ಮಜ್ಜಿಗಿ ಅಂತೂ ಛಲೋ ಬರತೈತಿ. ಆದ್ರ ಸಿಹಿ ಕಡಿಮಿ ಮಾಡು, ಬರೇ ನೀರು ಇನ್ನ ನಾಕ ತಂಬಗಿ ಹೆಚ್ಚ ಕುಡಿ ಅಂತ ಹೇಳಿ ಔಷಧಿ ಬರಕೊಟ್ಟ.

ಬ್ಯಾರೆ ಯಾರರ ಆಗಿದ್ರ ಖುಷಿಲೆ ಎದ್ದ ಬರತಿದ್ರು. ನಾ ಕುಂತಲ್ಲೇ ಬೆವತೆ ಅಣ್ಣಾ!

ಯಾಕ ಅಂತ ಹಿಂಗ ಹುಬ್ಬ ಏರಸ್ತೀಯಲ್ಲ, ಮರತ್ಯಾ? ಮುಧೋಳ ಸಂಸ್ಥಾನ ಮುಗದು ಮುಂಬೈಗಿ ಸೇರಿದ ವರ್ಷ ನಮ್ಮ ಹಿಂಡ ಪಾಲ ಆತು. ಎಣಸಿದ್ರ ಆ ಕಿವಿ ಹರದ ಕರೀಮಾರಿ ಟಗರ ಇಲ್ಲ. ಇಡೀ ಊರ ಮಂದಿ ಮುಂದ ನಾ ಏನಂದೆ? ಅಣ್ಣನೇ ಮುಚ್ಚಿಟ್ಟಾನ ಅಂದೆ. ದೇವ್ರ ಮುಂದಿನ ಅರಿಷಿಣ ಭಂಡಾರ ಮುಟ್ಟಿ, ಇವ ನನ್ನ ಟಗರ ಕದ್ದಾನ, ಇನ್ನ ಇವನ ಮನ್ಯಾಗ ಸಾಯೂತನಕ ಒಂದ ಹನಿ ನೀರ ಕುಡಿಯಂಗಿಲ್ಲ ಅಂತ ಆಣಿ ಮಾಡಿದೆ. ಏಳ ವರ್ಷ ಆತು. ಕುಡದೇನೇನು? ಇಲ್ಲ. ನಿನ್ನ ಮಗಳ ಮದವಿ ಊಟದಾಗ ಬಿಕ್ಕ ಹತ್ತಿ ಕಣ್ಣ ಮ್ಯಾಲಾದ್ರೂ ನೀರ ಮುಟ್ಟಲಿಲ್ಲ, ಸಾರು ಕುಡದೆ. ಮಜ್ಜಿಗಿ ನೀರಲ್ಲ, ಅದಕ್ಕ ಆಣಿ ತಾಗಂಗಿಲ್ಲ ಅಂತ ನಾನ ಕಾಯ್ದೆ ಮಾಡಕೊಂಡಿದ್ದೆ. ಈಗ ಕಲತ ಡಾಕ್ಟರ ಹೇಳತಾನ, ಅದು ನೀರ ಅಂತ. ವಾರಕ್ಕ ಎರಡ ತಂಬಗಿ ಅಂದ್ರ, ನಾ ಇಲ್ಲಿ ಬರಾಕ ಹತ್ತಿದ ಆರ ವರ್ಷಕ್ಕ ಎಷ್ಟಾತು? ಒಂದ ಬಾವಿ ಕುಡದೇನಿ ನಾ. ಭಂಡಾರ ಮುಟ್ಟಿ ಆಣಿ ಮಾಡಿ, ಒಂದ ಬಾವಿ!

ಬಸ್‌ಸ್ಟ್ಯಾಂಡಿನ ಹೊಟೇಲದ ಪರಮಾನಂದಗೂ ಕೇಳಿದೆ. ನಿನ್ನ ಚಾದಾಗ ಹಾಲೆಷ್ಟು, ನೀರೆಷ್ಟು, ದೇವ್ರ ಮ್ಯಾಲ ಭಾರಾ ಹಾಕಿ ಹೇಳು ಅಂದೆ. ಅಷ್ಟಕ್ಕ ನನ್ನ ಹೊರಗ ಹಾಕಿದ. ನನ್ನ ಚಾಕ್ಕ ನೀರ ಅಂತೀಯೇನು ಅಂತ ಬೀದಿತನಕ ಬೈಕೊಂತ ಬಂದ.

ಆದ್ರ ಅಣ್ಣಾ, ಒಂದ ಸಂಶೇ. ಅತ್ತಿಗಿ ಯಾಕ ಒಳಗ ಓಡಿದ್ಲು? ಮೊದಮೊದಲ ನಿಮ್ಮನಿ ಮಜ್ಜಿಗಿ ಮೀಸಿಗಿ ಹತ್ತತಿತ್ತು. ಬರಬರತ ತೆಳ್ಳಗಾತು. ಹೋದ ವರ್ಷ ತಂಬಗಿ ತಳಾ ಕಾಣಾಕತ್ತಿತ್ತು. ಮೊನ್ನಿಂದಂತೂ ಉಪ್ಪು ಬಿಟ್ರ ಅದರಾಗ ಮತ್ತೇನೂ ಇರಲಿಲ್ಲ. ಎಮ್ಮಿ ಬತ್ತೈತಿ ಪಾಪ, ಕೇಳಿದ್ರ ಅತ್ತಿಗಿಗೆ ನಾಚಿಕಿ ಆದೀತು ಅಂತ ನಾ ಸುಮ್ನ ಕುಡದೆ... ತಲಿ ಯಾಕ ಕೆಳಗ ಹಾಕತಿ? ಇತ್ತ ನೋಡು. ನೀ ಹೇಳಿ ಮಾಡಸತಿದ್ಯೇನು? ಆಹಾ! ಹಿರೇ ಮನಷ್ಯಾ, ರುಮಾಲ ಸುತ್ತಿದಾಂವ, ಆಣಿ ತಾನ ಮುರೀಲಿ ಅಂತ ತಮ್ಮಗ ಕಳವಿಲೆ ನೀರ ಕುಡಸ್ತಿ!

ಇರಲಿ. ನಗೂದೂ ಸಾಕು. ಗುಡ್ಯಾಗ ಕಾಮಣ್ಣ ಪೂಜಾರಿಗೆ ಎಲ್ಲಾ ಹೇಳಿದೆ. ಆಣಿ ಬಿಡಸಾಕ ಬರತೈತಿ ಅಂದ. ಯಾರ ಮ್ಯಾಲ ಆಣಿ ಮಾಡಿದ್ಯೋ ಅವನ ಮುಂದ ಕುಂತು, ಬಾಯಿಬಿಟ್ಟ ನೀರ ಕೇಳಬೇಕಂತ. ಅವ ಮನಸಾರೆ ಕೊಟ್ರ ದೇವ್ರೂ ಬಿಡತಾನಂತ. ಅಷ್ಟ. ಮತ್ತೊಂದ ಮಾತ ಕೇಳಿದ ಪೂಜಾರಿ, ಅದಿರಲಿ ಬಿಡು, ಅದೇನ ದೊಡ್ಡ ಮಾತಲ್ಲ.

ಈ ಸಲ ಜ್ವಾಳ ಹೆಂಗ ಐತಿ? ನಮ್ಮ ಕಡಿ ಛಲೋ ಬಂದೈತಿ...

ಪೂಜಾರಿ ಏನ ಕೇಳಿದ ಅಂತರ ಕೇಳು. ಬರೇ ನೋಡಾಕತ್ತಿ. ಹಂಗ ನೋಡಬ್ಯಾಡ ಅಣ್ಣಾ, ನಮ್ಮಪ್ಪ ಹಂಗ ನೋಡತಿದ್ದ.

ಆತು, ಹೇಳತೇನಿ. ಆಣಿ ಖರೇ ಮಾತಿನ ಮ್ಯಾಲ ಮಾಡಿದ್ದೋ, ಸುಳ್ಳಿನ ಮ್ಯಾಲ ಮಾಡಿದ್ದೋ ಅಂತ ಕೇಳಿದ. ಭಂಡಾರ ಹಚ್ಚಿಸಿಕೊಳ್ಳದ ಎದ್ದ ಬಂದೆ.

ಆಣಿ ಮಾಡಿದ ಮರುವರ್ಷ ಬೀಳಗಿ ಸಂತ್ಯಾಗ ಆ ಟಗರ ನೋಡಿದೆ. ನಮ್ಮ ಕರೀಮಾರಿನ. ಹರದ ಕಿವಿ ಹಿಡದ ನೋಡಿದೆ. ಭೀಮಪ್ಪ ಅಂತ ಒಬ್ಬಾಂವ ಹಗ್ಗ ಹಿಡಕೊಂಡ ನಿಂತಿದ್ದ. ಒಂದಿನ ಮಳ್ಯಾಗ ಅದಾಗೇ ಬಂದು ನಮ್ಮ ಹಿಂಡಿನಾಗ ಸೇರಿತ್ತು, ಯಾರೂ ಕೇಳಾಕ ಬರಲಿಲ್ಲ ಅಂದ. ಯಾವ ಮಳಿ ಅಂದೆ. ನಮ್ಮ ಪಾಲಿನ ಹಿಂದಿನ ದಿನದ ಮಳಿ ಅಣ್ಣಾ. ಅವತ್ತ ಹಿಂಡ ಕಾಯಾಕ ಇದ್ದಾಂವ ಯಾರು? ನಾನ. ಕಂಬಳಿ ಹೊತಗೊಂಡು ಬೇವಿನ ಗಿಡದ ಬುಡಕ ಮಲಗಿಬಿಟ್ಟಿದ್ದೆ.

ಅದನ್ನ ಹೇಳಾಕಂತನ ನಿನ್ನ ಮನಿಗಿ ಮೊದಲ ಸಲ ಬಂದೆ. ನೀ ಬಾ, ಕೂಡು ಅಂದಿ. ಅತ್ತಿಗಿ ಮಜ್ಜಿಗಿ ತಂದ್ಲು. ಕುಡದೆ, ನಾಳೆ ಹೇಳಿದ್ರಾತು ಅಂತ ಎದ್ದ ಹೋದೆ. ಮತ್ತ ಬಂದೆ, ಮತ್ತ ಮಜ್ಜಿಗಿ ಕುಡದೆ, ಮತ್ತ ಹೋದೆ. ಹಂಗ ಆರ ವರ್ಷ ಹೋತು. ನಾಚಿಕಿ ಅಣ್ಣಾ. ಬ್ಯಾರೇನೂ ಅಲ್ಲ, ನಾಚಿಕಿ.

ಬೈ. ಎದ್ದ ಬಂದು ಒಂದ ಹೊಡಿ. ಟಗರ ಕಂಡೆ ಅಂದ್ರ ಬೆರಗೂ ಆಗಲಿಲ್ಲ ನೀ. ಭೀಮಪ್ಪ ಅಂದ್ರ ಯಾವ ಭೀಮಪ್ಪ ಅಂತನೂ ಕೇಳಲಿಲ್ಲ...

ಅಣ್ಣಾ. ಅವ ಟಗರಿನ ಸುದ್ದಿ ಹೇಳಾಕ ನಿನ್ನ ಕಡಿ ಬಂದಿದ್ನೇನು?

ಯಾವಾಗ? ನಾ ಬರೂಕಿಂತಾ ಮೊದಲ?

ಹಂಗಂದ್ರ ಮೊದಲನೇ ತಂಬಗಿ ಕೊಡೂಮುಂದನ ನಿನಗ ಗೊತ್ತಿತ್ತು. ಕಳ್ಳ ಅಂದ ತಮ್ಮನ ಮಾತ ಸುಳ್ಳ ಅಂತ ಗೊತ್ತಿದ್ದೂ, ಊರ ಮಂದಿ ಕಣ್ಣಾಗ ಕಳ್ಳನಾಗೇ ಉಳದು, ವಾರಕ್ಕ ಎರಡ ಸಲ ನನಗ ಬಾ, ಕೂಡು ಅಂದಿ. ನಾನ ಬಾಯಿ ಬಿಡಲಿ ಅಂತ ಕಾದಿ.

ಅತ್ತಿಗೀ, ನೀನೂ ಹೊರಗ ಬಾ ಯವ್ವಾ, ಇದನ್ನ ಕೇಳು. ನಾಳೆ ಗುಡಿ ಮುಂದ ಮಂದಿ ಕೂಡಿಸಿ ಮತ್ತ ಹೇಳತೇನಿ. ನಮ್ಮಣ್ಣ ಟಗರ ಕದ್ದಿಲ್ಲ. ನಾ ಮಲಗಿದ್ದೆ.

ಅಣ್ಣಾ, ನನಗ ನೀರಡಿಕಿ ಆಗೇತಿ. ಬರೇ ನೀರ ಕೊಡು.