ಹದಿನಾಲ್ಕು ಹಂಪ್

ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತಿದ್ದ ತನುಜಾ, ಫೋನ್ ನೋಡುವ ನೆಪದಲ್ಲಿ ಪಕ್ಕದ ತಾಯಿ ಮಗನ ಜಗಳಕ್ಕೆ ಕಿವಿಗೊಟ್ಟಿದ್ದಳು. ಅವರ ಬಿಳಿ ಕಾರು, ಕೆಸರಿನಲ್ಲಿ ಕೂತ ಎಮ್ಮೆಯಂತೆ ಹೊಟ್ಟೆಯನ್ನು ನೆಲಕ್ಕಿಳಿಸಿಕೊಂಡು ರಸ್ತೆಯಂಚಿನಲ್ಲಿ ನಿಂತಿತ್ತು.

“ಕಾರಿಗೆ ಬಾರವ್ವಾ, ಜನ ನೋಡ್ತಾವ್ರೆ.”

“ನೋಡ್ಲಿ. ಊರಿಂದ ಇಲ್ಲಿಗೆ ರೋಡಲ್ಲಿ ಹದಿನಾಲ್ಕು ಹಂಪ್ ಕಣೋ ತೀರ್ಥೇಶ. ಒಂದೊಂದಕ್ಕೂ ನನ್ನ ಇಳ್ಸಿ, ದಾಟಿದ್ಮೇಲೆ ಹತ್ತಿಸ್ಕೊಂಡಿದ್ದೀಯ.”

“ನೀನು ಕೂತಿದ್ರೆ ಕಾರಿನ ತಳ ಹಂಪ್‌ಗೆ ಉಜ್ಜುತ್ತೆ, ನಾನೇನ್ ಮಾಡ್ಲಿ?”

“ಚೆನ್ನಾಗಿದ್ದ ಸ್ಪ್ರಿಂಗ್ ಬಿಚ್ಚಿಸಿ ಗಿಡ್ಡ ಸ್ಪ್ರಿಂಗ್ ಹಾಕ್ಸು ಅಂತ ನಾನು ಹೇಳಿದ್ನಾ?”

“ಮಂಡಿನೋವು, ಕಾರು ಎತ್ತರ, ಹತ್ತಕ್ಕಾಗಲ್ಲ ಅಂದೋರು ಯಾರು? ನಿನಗೋಸ್ಕರ ತಾನೇ ತಗ್ಗಿಸಿದ್ದು!”

“ಡಿಕ್ಕಿಲಿ ಒಂದು ಸ್ಟೂಲ್ ಇಟ್ಕೊಂಡಿದ್ರೆ ಆಗ್ತಿತ್ತಲ್ಲೋ.”

ಸ್ಟೂಲಿನ ವಿಚಾರ ಹೊಳೆದೇ ಇರಲಿಲ್ಲವೆಂದು ತೀರ್ಥೇಶನ ಮುಖವೇ ಹೇಳುತ್ತಿತ್ತು. ತನುಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹನ್ನೊಂದಕ್ಕೆ ನಿಶ್ಚಿತಾರ್ಥ. ಹುಡುಗಿಗೆ ಸೋದರತ್ತೆ ಅಂತ ಇರೋಳು ನಾನೊಬ್ಳೇ. ನಾನಿಲ್ದೆ ಹೂ ಮುಡಿಸ್ತಾರಾ? ತರೀಕೆರೆವರ್ಗೂ ಇನ್ನೆಷ್ಟು ಹಂಪ್ ಐತೋ!”

“ನಿಧಾನಕ್ಕೆ ಹೋಗಣ ಬಾರವ್ವಾ.”

ಅಷ್ಟರಲ್ಲಿ ಬಸ್ಸು ಬಂತು. ತಾಯಿ ನೆರಿಗೆ ಎತ್ತಿ ಹಿಡಿದು, ಮಂಡಿಯೆತ್ತರದ ಮೆಟ್ಟಿಲನ್ನು ತನುಜಾಳಿಗಿಂತ ಮುಂಚೆಯೇ ಹತ್ತಿಬಿಟ್ಟರು.

“ಅವ್ವಾ! ತಗ್ಗಿಸೋಕ್ ಮುಂಚೆ ನಮ್ಮ ಕಾರಿದ್ದಿದ್ಕಿಂತ ಆ ಬಸ್ಸು ಎತ್ತರ ಐತಲ್ಲವ್ವಾ!”

ಹೊರಟ ಬಸ್ಸಿನ ಕಿಟಕಿಯಿಂದ ತಾಯಿಯ ತಲೆ ಹೊರಗೆ ಬಂತು.

“ಎತ್ತರನೇ ಕಣೋ. ಆದ್ರೆ ಒಂದೇ ಸಲ ಹತ್ತೋದು!”